ಹಳೇ ಕಾರಿನ ಆಯಿಲ್ ಲೀಕ್: ಹನಿ ಬೀಳುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ನಮ್ಮ ಮನೆಯ ಮಾರುತಿ 800 ಕಾರ್ಬ್ಯುರೇಟರ್ ಕಾಲದ್ದು. ಬೆಳಿಗ್ಗೆ ಕಾರು ಹಿಂದಕ್ಕೆ ತೆಗೆದರೆ ಅಂಗಳದ ಕಲ್ಲಿನ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರಿದೆ, ಆ ಹೆಸರನ್ನು ನಮ್ಮ ಅಂಗಳಕ್ಕೂ ಇಡಬಹುದು ಅಂತ ಅಮ್ಮ ಗೊಣಗುತ್ತಿದ್ದರು. ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನವರು ಕೆಳಗೆ ಬಗ್ಗಿ ಒಂದು ನಿಮಿಷ ನೋಡಿದರು. "ರಿಯರ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆಯೇ ರಿಯರ್ ಸೀಲ್. ಇಳಿಸಿದರು, ಹೊಸ ಸೀಲ್ ಹಾಕಿದರು, ಎರಡು ದಿನದ ಕೂಲಿ ತೆಗೆದುಕೊಂಡರು. ಮೂರನೇ ದಿನ ಅದೇ ಜಾಗದಲ್ಲಿ ಅದೇ ಕಲೆ.

ನಾನು ಚಿತ್ರದುರ್ಗದಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಯುತ್ತಿದ್ದೇನೆ. ಆ ಕಾರನ್ನೇ ಪಾಠದ ಪುಸ್ತಕ ಮಾಡಿಕೊಂಡು ಕಲಿತದ್ದು ಇಲ್ಲಿದೆ. ನನ್ನ ಜೊತೆ ಕಲಿಯುವವರಿಗೆ ಅಂತ ಬರೆದದ್ದು.

ನಮ್ಮ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು. ಮಳೆ ನೀರು ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಸಂತೆ ಹೊಂಡದ ದಡದಲ್ಲಿ ನಿಂತು "ನೀರು ಇಲ್ಲೇ ಹುಟ್ಟಿತು" ಅಂದರೆ ಯಾರಾದರೂ ನಗುತ್ತಾರೆ ಅಲ್ವಾ? ಎಂಜಿನ್ ವಿಷಯದಲ್ಲಿ ಮಾತ್ರ ನಾವು ಹಾಗೇ ಹೇಳಿಬಿಡುತ್ತೇವೆ. ಎಣ್ಣೆ ಮೇಲಿನಿಂದ ಇಳಿದು, ಬ್ಲಾಕಿನ ಮೂಲೆ ಮೂಲೆ ಹಿಡಿದು, ಓಡುವಾಗ ಗಾಳಿಗೆ ಹಿಂದಕ್ಕೆ ತಳ್ಳಿಸಿಕೊಂಡು, ಎಲ್ಲಕ್ಕಿಂತ ಕೆಳಗಿರುವ ಬೋಲ್ಟಿನ ತುದಿಗೆ ಬಂದು ಹನಿಯಾಗುತ್ತದೆ. ಆ ಬೋಲ್ಟಿನದು ಏನೂ ತಪ್ಪಿಲ್ಲ. ನಾವು ಹುಡುಕಬೇಕಾದದ್ದು ಒದ್ದೆ ಶುರುವಾಗುವ ಎಲ್ಲಕ್ಕಿಂತ ಮೇಲಿನ ಜಾಗ.

ಮೊದಲು, ಬಿದ್ದದ್ದು ಎಂಜಿನ್ ಆಯಿಲ್ಲೇನಾ?

ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಅಂತ ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಯಾವ ಭಾಗದ ಕೆಳಗೆ ಬಿದ್ದಿದೆ ಅಂತ ಅಂದಾಜು ಸಿಗುತ್ತದೆ. ಬಣ್ಣ ಕೂಡ ರಟ್ಟಿನ ಮೇಲೆ ಸರಿಯಾಗಿ ಕಾಣುತ್ತದೆ. ಕಂದು ಅಥವಾ ಕಪ್ಪು, ಬೆರಳಿಗೆ ಜಾರುವಂಥದ್ದು ಎಂಜಿನ್ ಆಯಿಲ್. ಗಟ್ಟಿಯಾಗಿದ್ದು ಗಂಧಕದ ಥರ ಕೆಟ್ಟ ವಾಸನೆ ಬಂದರೆ ಗೇರ್ ಆಯಿಲ್. ಹಸಿರೋ ಕೆಂಪೋ ನೀರಿನಂತಿದ್ದು ಸಿಹಿ ವಾಸನೆ ಬಂದರೆ ಕೂಲೆಂಟ್. ಎಸಿ ನೀರು ಸುಮ್ನೆ ನೀರೇ, ಅದಕ್ಕೆ ಹೆದರಬೇಡಿ. ತಿಳಿ ಹಳದಿಯದ್ದು ಚಕ್ರದ ಹತ್ತಿರವೋ ಪೆಡಲ್ ಹತ್ತಿರವೋ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಆಗ ಕಾರು ಓಡಿಸಲೇಬೇಡಿ.

ಮಟ್ಟ ನೋಡುವ ಗೇಜ್ ಕಡ್ಡಿಯಲ್ಲಿ ಆಯಿಲ್ ಇಳಿಯುತ್ತಿದೆ, ನೆಲ ಮಾತ್ರ ಒಣಗಿದೆ ಅಂದರೆ ಕಥೆ ಬೇರೆ. ಆಯಿಲ್ ಒಳಗೇ ಉರಿಯುತ್ತಿರಬಹುದು. ಸೈಲೆನ್ಸರಿನಲ್ಲಿ ನೀಲಿ ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಏರು ಹತ್ತುವಾಗ ಬಂದರೆ ಪಿಸ್ಟನ್ ರಿಂಗ್ ಮೇಲೆ.

ಒಂದು ಮಾತು ಮರೆಯಬೇಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತುವ ಹೊತ್ತಿಗೆ ಆಯಿಲ್ ತುಂಬಾ ಕಮ್ಮಿಯಾಗಿರುತ್ತದೆ. ಲೀಕ್ ಇರುವ ಕಾರಿಗೆ ದೀಪ ನಂಬದೆ ಕಡ್ಡಿ ನೋಡುವ ಅಭ್ಯಾಸ ಬೇಕು.

ತೊಳೆಯದೆ ಹುಡುಕಬೇಡಿ

ನಮ್ಮ ಕಡೆ ಧೂಳು ಜಾಸ್ತಿ. ಎಣ್ಣೆಗೆ ಧೂಳು ಕೂತು ಇಡೀ ಎಂಜಿನ್ ಮೇಲೆ ಕಪ್ಪು ರೊಟ್ಟಿ ಕಟ್ಟಿರುತ್ತದೆ. ಅದರಲ್ಲಿ ಹಳೇ ಲೀಕ್ ಯಾವುದು, ಹೊಸದು ಯಾವುದು ಅಂತ ಯಾರೂ ಹೇಳಲಾರರು. ನಮ್ಮ ಕಾರು ಎರಡನೇ ಸಲ ಗ್ಯಾರೇಜಿಗೆ ಹೋಗದೆ ಉಳಿದದ್ದು ಈ ತೊಳೆಯುವ ಕೆಲಸದಿಂದಲೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ), ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಬ್ರಷ್ಷಿನಿಂದ ಉಜ್ಜಿ, ತೆಳ್ಳಗೆ ನೀರು ಬಿಟ್ಟು ಒಣಗಿಸಿ. ಪೆಟ್ರೋಲಿನಲ್ಲಿ ತೊಳೆಯುವವರನ್ನು ನೋಡಿದ್ದೇನೆ. ಬೇಡ. ಒಂದು ಕಿಡಿ ಸಾಕು.

ಒಣಗಿದ ಮೇಲೆ ಅನುಮಾನ ಇರುವ ಜೋಡಣೆಗಳ ಸುತ್ತ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಉದುರಿಸಿ. ನಗಬೇಡಿ, ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಬಿಳಿ ಪೌಡರ್ ಮೇಲೆ ಎಣ್ಣೆಯ ಗೆರೆ ಎದ್ದು ಕಾಣುತ್ತದೆ. ತಿರುಗುವ ಬೆಲ್ಟಿನ ಮೇಲೆ ಮಾತ್ರ ಬೀಳಿಸಬೇಡಿ. ದೊಡ್ಡ ವರ್ಕ್‌ಶಾಪುಗಳಲ್ಲಿ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ (ಯುವಿ) ಬೆಳಕಿನಲ್ಲಿ ಹುಡುಕುತ್ತಾರೆ. ನಮಗೆ ಪೌಡರ್ ಸಾಕಾಯಿತು.

ಆಮೇಲೆ ಆಕ್ಸಿಲರೇಟರ್ ಒತ್ತದೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಟಾರ್ಚ್ ಹಿಡಿದು ನೋಡಿ. ಕಾಣದಿದ್ದರೆ ಓಡಿಸಿ. ನಾವು ಹೈವೇ 48ರಲ್ಲಿ ಭರಮಸಾಗರದವರೆಗೆ ಹೋಗಿ ಬಂದೆವು. ಎಂಜಿನ್ ಬಿಸಿಯಾಗಿ ಆಯಿಲ್ ತೆಳ್ಳಗಾದಾಗ ಮಾತ್ರ ಹೊರಬರುವ ಲೀಕುಗಳಿವೆ. ಕೆಳಗೆ ಇಣುಕಲು ಕಾರು ಎತ್ತಿದರೆ ಜಾಕ್ ಒಂದನ್ನೇ ನಂಬಬೇಡಿ. ಕಲ್ಲು, ಇಟ್ಟಿಗೆ ಕೂಡ ಬೇಡ. ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋಗಿ.

ಮೇಲಿನಿಂದ ಕೆಳಕ್ಕೆ

ಮಾರುತಿ 800 ಬಂದದ್ದು 1983ರಲ್ಲಿ, ತಯಾರಿ ನಿಂತದ್ದು 2014ರಲ್ಲಿ. ಅಂದರೆ ಕೊನೆಯದಾಗಿ ಹೊರಬಂದ ಕಾರಿಗೂ ಹತ್ತು ವರ್ಷ ದಾಟಿದೆ. ಕಬ್ಬಿಣ ತಾಳುತ್ತದೆ, ರಬ್ಬರ್ ತಾಳುವುದಿಲ್ಲ. ಬಿಸಿಗೆ ಬೆಂದು ಬೆಂದು ಬಳಪದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಹಳೇ ಕಾರಿನಲ್ಲಿ ಮೊದಲ ಅನುಮಾನ ಯಾವತ್ತೂ ರಬ್ಬರಿನ ಮೇಲೆ.

ಎಲ್ಲಕ್ಕಿಂತ ಮೇಲೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮುಚ್ಚಳದ ಪ್ಯಾಕಿಂಗ್ (ಸಂದಿನಲ್ಲಿ ಕೂರುವ ರಬ್ಬರ್). ಅಂಚಿನ ಸುತ್ತ ಬೆರಳಾಡಿಸಿ. ಇಲ್ಲಿಂದ ಇಳಿದ ಎಣ್ಣೆ ಎಕ್ಸಾಸ್ಟ್ ಮೇಲೆ ಬಿದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ ಬರುತ್ತದೆ. ಲೀಕ್ ಅಂತ ಬೋಲ್ಟ್ ಬಿಗಿ ಮಾಡುತ್ತಾ ಹೋಗಬೇಡಿ. ತಗಡಿನ ಕವರ್ ಬಾಗುತ್ತದೆ, ಪ್ಯಾಕಿಂಗ್ ಹಿಂಡಿ ಹೊರಬರುತ್ತದೆ, ಲೀಕ್ ಇನ್ನೂ ಜಾಸ್ತಿಯಾಗುತ್ತದೆ. ಗಟ್ಟಿಯಾದ ಪ್ಯಾಕಿಂಗಿಗೆ ಹೊಸ ಪ್ಯಾಕಿಂಗ್ ಒಂದೇ ಮದ್ದು.

ಟೈಮಿಂಗ್ ಬೆಲ್ಟ್ ಕಡೆ ಮೇಲೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಸೀಲ್, ಕೆಳಗೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಸೀಲ್. ಟೈಮಿಂಗ್ ಕವರಿನ ಕೆಳಗಿನ ತುದಿಯಿಂದ ಹನಿ ಬಂದರೆ ಇವುಗಳನ್ನು ನೋಡಿ. ಎಣ್ಣೆ ಕುಡಿದ ಟೈಮಿಂಗ್ ಬೆಲ್ಟ್ ಹೆಚ್ಚು ದಿನ ಬಾಳುವುದಿಲ್ಲ, ಇದನ್ನು ಮುಂದಕ್ಕೆ ಹಾಕಬೇಡಿ. ಬೆಲ್ಟ್ ಬದಲಿಸುವಾಗಲೇ ಸೀಲ್ ಹಾಕಿಸಿದರೆ ಕೂಲಿ ಒಂದೇ ಸಲ.

ಆಯಿಲ್ ಫಿಲ್ಟರ್ ಮತ್ತು ಪ್ರೆಷರ್ ಸ್ವಿಚ್ ಇರುವುದು ಒತ್ತಡದ ಸಾಲಿನಲ್ಲಿ. ಎಂಜಿನ್ ಓಡುವಾಗ ಜೋರಾಗಿ ಸೋರಿ, ನಿಂತ ಮೇಲೆ ನಿಂತುಹೋದರೆ ಇಲ್ಲಿಗೆ ಬನ್ನಿ. ಸ್ವಿಚ್ಚಿನ ವೈರ್ ಕಿತ್ತು ನೋಡಿ. ಕನೆಕ್ಟರ್ ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಸೋರುತ್ತಿದೆ. ಆಯಿಲ್ ಬದಲಿಸಿದ ಮರುದಿನವೇ ಲೀಕ್ ಶುರುವಾಯಿತು ಅಂದರೆ ಹಳೇ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿರಬಹುದು. ಅದರ ಮೇಲೆ ಹೊಸ ಬಳೆ ಕೂರುವುದಿಲ್ಲ. ಇದು ಹೊಸಬರು ಮಾಡುವ ತಪ್ಪು, ನಾನೂ ಮಾಡಿದ್ದೇನೆ.

ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಪ್ಯಾಕಿಂಗ್, ಆಯಿಲ್ ಖಾಲಿ ಮಾಡುವ ಡ್ರೈನ್ ಬೋಲ್ಟಿನ ವಾಷರ್ ಕೊನೆಗೆ. ಅವು ಎಲ್ಲಕ್ಕಿಂತ ಕೆಳಗಿವೆ, ಹಾಗಾಗಿ ಯಾವಾಗಲೂ ಒದ್ದೆ. ಮೇಲೆ ಎಲ್ಲವೂ ಒಣಗಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇವುಗಳ ಮೇಲೆ ದೂರು ಹಾಕಿ. ಪ್ಯಾಕಿಂಗ್ ಜೊತೆ ಸಿಲಿಕಾನ್ ಗಮ್ ಹಚ್ಚುವಾಗ ಕೈ ಹಿಡಿತ ಇರಲಿ. ಒಳಕ್ಕೆ ಹಿಂಡಿ ಬಂದ ತುಂಡು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಗುತ್ತದೆ.

ರಿಯರ್ ಸೀಲ್ ಎಂಬ ಗುಮ್ಮ

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗಿನಿಂದ ಹನಿ ಬಿದ್ದರೆ ಎಲ್ಲರ ಬಾಯಲ್ಲೂ ಬರುವುದು ರಿಯರ್ ಸೀಲ್. ಆ ಜಾಗಕ್ಕೆ ಎಣ್ಣೆ ಬರಲು ಬೇರೆ ದಾರಿಗಳೂ ಇವೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಹೋದರೂ ಅಲ್ಲೇ ಬೀಳುತ್ತದೆ, ಆದರೆ ಅದು ಗೇರ್ ಆಯಿಲ್ ವಾಸನೆ. ಟ್ಯಾಪೆಟ್ ಕವರಿನ ಹಿಂಭಾಗದಿಂದ ಇಳಿದ ಎಣ್ಣೆಯೂ ಅಲ್ಲಿಗೇ ಬರುತ್ತದೆ. ನಿಜವಾದ ರಿಯರ್ ಸೀಲ್ ಲೀಕ್ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಚಿಪ್ಪು) ಒಳಗಿನಿಂದ ಬರುತ್ತದೆ, ಹೊರಗಿನ ಗೋಡೆ ಮೇಲಿನವರೆಗೂ ಒಣಗಿರುತ್ತದೆ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ.

ನಮ್ಮ ಕಾರಿನಲ್ಲಿ ಕ್ಲಚ್ ಚೆನ್ನಾಗಿತ್ತು. ಪೌಡರ್ ಹಾಕಿ ಭರಮಸಾಗರದಿಂದ ಬಂದು ನೋಡಿದರೆ ಬೆಲ್ ಹೌಸಿಂಗಿನ ಹೊರ ಗೋಡೆ ಮೇಲೆ ಒಂದು ಕಂದು ಗೆರೆ. ಅದನ್ನು ಹಿಡಿದು ಮೇಲಕ್ಕೆ ಹೋದೆ. ಹೆಡ್ಡಿನ ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಜಾಗದಲ್ಲಿ ಗೆರೆ ಮುಗಿಯಿತು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಮ್ ಶಾಫ್ಟಿನಿಂದ ತಿರುಗುತ್ತದೆ, ಅದರ ಸುತ್ತ ಒಂದು ರಬ್ಬರ್ ಓ-ರಿಂಗ್ ಇದೆ. ಬಿಚ್ಚಿದಾಗ ರಿಂಗ್ ಕೈಯಲ್ಲೇ ಪಟ್ ಅಂತ ಮುರಿಯಿತು. ಒಂದು ಚಹಾ, ಒಂದು ಪ್ಲೇಟ್ ಮಿರ್ಚಿ ದುಡ್ಡಿನ ಸಾಮಾನು. ಅದಕ್ಕೆ ಗೇರ್‌ಬಾಕ್ಸ್ ಇಳಿಸಿದ್ದೆವು.

ಬಿಚ್ಚುವ ಮುಂಚೆ ಡಿಸ್ಟ್ರಿಬ್ಯೂಟರ್ ಮತ್ತು ಹೆಡ್ ಮೇಲೆ ಒಂದೇ ನೇರಕ್ಕೆ ಗುರುತು ಗೀರಿ, ಒಳಗೆ ತಿರುಗುವ ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಫೋಟೋ ತೆಗೆದುಕೊಳ್ಳಿ. ಇಲ್ಲದಿದ್ದರೆ ಟೈಮಿಂಗ್ ತಪ್ಪಿ ಸ್ಟಾರ್ಟೇ ಆಗುವುದಿಲ್ಲ.

ಎಂಜಿನ್ನಿನ ಉಸಿರು

ಹೊಸ ರಿಂಗ್ ಹಾಕಿ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಇನ್‌ಸ್ಟ್ರಕ್ಟರ್ ಕೇಳಿದರು, "ಬ್ರೀದರ್ ನೋಡಿದೆಯಾ?" ನೋಡಿರಲಿಲ್ಲ.

ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಕ್ಕೆ ಇಳಿಯುತ್ತದೆ. ಎಂಜಿನ್ ಹಳೆಯದಾದಷ್ಟೂ ಜಾಸ್ತಿ. ಅದು ಹೊರಹೋಗಲು ಬ್ರೀದರ್ ಪೈಪ್ ಇದೆ, ಕೆಲವು ಕಾರುಗಳಲ್ಲಿ ಅದನ್ನು ಮತ್ತೆ ಎಂಜಿನ್ನಿಗೇ ಉರಿಯಲು ಬಿಡುವ ಪಿಸಿವಿ ವಾಲ್ವ್ ಕೂಡ. ಆ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಸೀಲ್ ಸೋತಿದೆಯೋ ಅಲ್ಲಿಂದ ಎಣ್ಣೆ ತಳ್ಳುತ್ತದೆ. ಒಂದು ಸೀಲ್ ಬದಲಿಸಿದರೆ ಇನ್ನೊಂದು ಸೋರುತ್ತದೆ. ಎರಡು ಮೂರು ಕಡೆ ಒಟ್ಟಿಗೇ ಲೀಕ್ ಶುರುವಾದರೆ ಸೀಲ್ ತರುವ ಮುಂಚೆ ಬ್ರೀದರ್ ನೋಡಿ.

ಪರೀಕ್ಷೆ ಸುಲಭ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ರಬ್ಬರ್ ಕೈಗವಸು ಸಿಕ್ಕಿಸಿ. ಸ್ವಲ್ಪ ಒಳಕ್ಕೆ ಎಳೆದುಕೊಂಡರೆ, ಅಥವಾ ಸುಮ್ನೆ ನೇತಾಡಿದರೆ ಪರವಾಗಿಲ್ಲ. ಕೈ ಎತ್ತಿ ಆಶೀರ್ವಾದ ಮಾಡಿದ ಹಾಗೆ ಊದಿಕೊಂಡು ನಿಂತರೆ ಒಳಗೆ ಒತ್ತಡ ಇದೆ. ಬ್ರೀದರ್ ಸ್ವಚ್ಛ ಮಾಡಿದ ಮೇಲೂ ಊದಿದರೆ ರಿಂಗ್ ಸವೆದಿರಬಹುದು, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡದ ಪರೀಕ್ಷೆ) ಮಾಡಿಸಿ.

ನಮ್ಮದು ಊದಿತು. ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಪೈಪ್ ಬಿಚ್ಚಿದರೆ ಒಳಗೆ ಬೆಲ್ಲದ ಪಾಕದಂಥ ಕಪ್ಪು ಜಿಗುಟು. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಗೆ ಬಟ್ಟೆ ಸುತ್ತಿ ತೆಗೆದೆ. ಪೂರ್ತಿ ಒಣಗಿಸಿ ಹಾಕಿದ ಮೇಲೆ ಕೈಗವಸು ಸುಮ್ಮನೆ ನೇತುಬಿದ್ದಿತು.

ಈಗ ಎರಡು ತಿಂಗಳಾಯಿತು. ರಟ್ಟು ಇನ್ನೂ ಹಾಸುತ್ತೇನೆ. ಅಂಗೈ ಅಗಲದ ಕಲೆ ಇಲ್ಲ, ವಾರಕ್ಕೊಂದು ಸಾಸಿವೆಯಷ್ಟು ಚುಕ್ಕೆ ಬೀಳುತ್ತದೆ. ಅದು ಡ್ರೈನ್ ಬೋಲ್ಟಿನದು, ಈ ಸಲ ಮೇಲಿನವರೆಗೂ ನೋಡಿಯೇ ಹೇಳುತ್ತಿದ್ದೇನೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಹೊಸ ವಾಷರ್ ಹಾಕಬೇಕು.