ಬೈಗುಳವೇ ಕಾವ್ಯವಾದಾಗ: ಸ್ಕಾಟ್ಲೆಂಡಿನ ‘ಫ್ಲೈಟಿಂಗ್’ ನಡೆದುಬಂದ ದಾರಿ

ಕವಿಗಳಿಬ್ಬರು ಪದ್ಯಕ್ಕೆ ಪದ್ಯ ಹೊಸೆದು ಪರಸ್ಪರ ಹೀಯಾಳಿಸುವ ‘ಫ್ಲೈಟಿಂಗ್’ ಇಂದಿನ ರ‍್ಯಾಪ್ ಕಾಳಗಗಳ ಪೂರ್ವಜ ಎಂಬ ವಾದ 2008ರ ಸುಮಾರಿಗೆ ಸುದ್ದಿಯಾಯಿತು. ಅದರ ಬೇರನ್ನು ಸ್ಕಾಟ್ಲೆಂಡಿನ ಹಳೆಯ ಕೆಲ್ಟಿಕ್ ನುಡಿಯಾದ ಗೇಲಿಕ್‌ನ ಕವಿಗಳ ನಿಂದಾಪದ್ಯದಲ್ಲಿ ಹುಡುಕಿದವರಿದ್ದಾರೆ, ಸ್ಕ್ಯಾಂಡಿನೇವಿಯದ ನಾರ್ಸ್ ವೀರರ ವಾಕ್ಸಮರದಲ್ಲಿ ಹುಡುಕಿದವರೂ ಇದ್ದಾರೆ. ಈ ವಂಶಾವಳಿಯ ಉತ್ಸಾಹದಲ್ಲಿ ಬೈಗುಳದ ಒಳಗಿದ್ದ ಜಗಳವೇ ಮರೆಯಾಗಿದೆ.

1500ರ ಆಸುಪಾಸಿನಲ್ಲಿ, ನಾಲ್ಕನೆಯ ಜೇಮ್ಸ್ ಆಳುತ್ತಿದ್ದಾಗ, ವಿಲಿಯಂ ಡನ್‌ಬಾರ್ ಮತ್ತು ವಾಲ್ಟರ್ ಕೆನಡಿ ನಡುವೆ ನಡೆದ 552 ಸಾಲುಗಳ ಪಂಥ ಈ ಪ್ರಕಾರದ ಶಿಖರ. ಡನ್‌ಬಾರ್ ದೊರೆಯಿಂದ ವರ್ಷಾಶನ ಪಡೆಯುತ್ತಿದ್ದ, ಎಡಿನ್‌ಬರೋ ಸುತ್ತಲಿನ ಲೋಥಿಯನ್ ಸೀಮೆಯ ಕವಿ. ಕೆನಡಿ ಗೇಲಿಕ್ ಇನ್ನೂ ಜೀವಂತವಾಗಿದ್ದ ನೈಋತ್ಯದ ಕ್ಯಾರಿಕ್ ಸೀಮೆಯ, ರಾಜಮನೆತನದೊಡನೆ ನಂಟಿದ್ದ ಪ್ರಭುಕುಟುಂಬದವನು. ಡನ್‌ಬಾರ್ ಎದುರಾಳಿಯ ಬಡತನ, ಮೈಕಟ್ಟುಗಳ ಜೊತೆಗೆ ಅವನ ಗೇಲಿಕ್ ನಾಲಗೆಯನ್ನೂ ಹಳಿದರೆ, ನಿಜವಾದ ಸ್ಕಾಟರೆಲ್ಲರ ಭಾಷೆ ಅದೇ ಆಗಬೇಕಿತ್ತೆಂದು ಕೆನಡಿ ತಿರುಗೇಟು ಕೊಡುತ್ತಾನೆ. ಡನ್‌ಬಾರನ ಪೂರ್ವಿಕರು ದೇಶದ್ರೋಹಿಗಳೆಂದೂ, ಹಡಗಿನಲ್ಲಿ ಅವನು ಹೊಟ್ಟೆ ಕೆಟ್ಟು ಹೊಲಸು ಮಾಡಿದನೆಂದೂ ಹಾಡುತ್ತಾನೆ. ವಿಚಿತ್ರವೆಂದರೆ ಗೇಲಿಕ್‌ನ ಈ ಸಮರ್ಥನೆ ಇರುವುದು ಇಂಗ್ಲಿಷಿನ ಸೋದರಿಯಂತಿರುವ ಸ್ಕಾಟ್ಸ್ ನುಡಿಯ ಪದ್ಯದಲ್ಲಿ. ಕೆನಡಿಯ ಗೇಲಿಕ್ ಕವಿತೆ ಒಂದೂ ಉಳಿದಿಲ್ಲ. ಕೆಲವು ಅಶ್ಲೀಲ ಪದಗಳ ಬಹು ಹಳೆಯ ಲಿಖಿತ ಬಳಕೆ ಇಲ್ಲಿದೆ ಎಂಬುದಷ್ಟೇ ಹೆಚ್ಚು ಪ್ರಚಾರ ಪಡೆದಿರುವುದು ಈ ಕಾವ್ಯದ ದುರದೃಷ್ಟ. ಸ್ಕಾಟ್ಲೆಂಡಿನ ಮೊದಲ ಅಚ್ಚುಕೂಟವಾದ ಚೆಪ್‌ಮನ್ ಮತ್ತು ಮಿಲ್ಲರ್ ಅವರದು 1508ರ ಸುಮಾರಿಗೆ ಇದನ್ನು ಮುದ್ರಿಸಿತು. 1568ರಲ್ಲಿ, ಎಡಿನ್‌ಬರೋದಲ್ಲಿ ಪ್ಲೇಗ್ ಹಬ್ಬಿದ್ದಾಗ, ಜಾರ್ಜ್ ಬ್ಯಾನಟೈನ್ ತನ್ನ ಹಸ್ತಪ್ರತಿಯಲ್ಲಿ ಇದನ್ನು ನಕಲು ಮಾಡಿಟ್ಟುಕೊಂಡ.

ಮುಂದೆ ದೊರೆಗಳೇ ಕಣಕ್ಕಿಳಿದರು. ಐದನೆಯ ಜೇಮ್ಸ್ ಬರೆದ ನಿಂದೆ ಕಳೆದುಹೋಗಿ, ಅವನ ಹೆಣ್ಣುಚಪಲವನ್ನು ಕುಟುಕುವ ಡೇವಿಡ್ ಲಿಂಡ್ಸೆಯ ಉತ್ತರವಷ್ಟೇ ಉಳಿದಿದೆ. ಆರನೆಯ ಜೇಮ್ಸ್ 1584ರಲ್ಲಿ ಪ್ರಕಟಿಸಿದ ಕಾವ್ಯನಿಯಮಗಳಲ್ಲಿ ಬೈಗುಳಕ್ಕೆ ಒಪ್ಪುವ ಛಂದಸ್ಸನ್ನೂ ಗೊತ್ತುಮಾಡಿ, ಎದುರಾಳಿ ಕವಿ ಪೋಲ್ವರ್ಥನ ವಿರುದ್ಧ ಆಸ್ಥಾನಕವಿ ಅಲೆಕ್ಸಾಂಡರ್ ಮಾಂಟ್‌ಗೊಮರಿ ಕಟ್ಟಿದ ಸಾಲುಗಳನ್ನೇ ಮಾದರಿಯಾಗಿ ಕೊಟ್ಟ.

ಅರಮನೆಯ ಹೊರಗೆ ಫ್ಲೈಟಿಂಗ್ ಒಂದು ಅಪರಾಧದ ಹೆಸರಾಗಿತ್ತು. ಬೀದಿಯಲ್ಲಿ ಬೈದಾಡಿದವರನ್ನು, ಅದರಲ್ಲೂ ಹೆಂಗಸರನ್ನು, ಪಟ್ಟಣದ ನ್ಯಾಯಸಭೆಗಳೂ 1560ರ ಪ್ರೊಟೆಸ್ಟೆಂಟ್ ಧರ್ಮಸುಧಾರಣೆಯ ಬಳಿಕ ಚರ್ಚಿನ ಮಂಡಲಿಗಳೂ ದಂಡಿಸುತ್ತಿದ್ದವು. ಕೆಲವರ ತಲೆಗೆ ನಾಲಗೆ ಅದುಮುವ ‘ಬ್ರ್ಯಾಂಕ್ಸ್’ ಎಂಬ ಕಬ್ಬಿಣದ ಕಡಿವಾಣವನ್ನೂ ತೊಡಿಸಲಾಯಿತು. ಮಾಂಟ್‌ಗೊಮರಿ ಮತ್ತು ಪೋಲ್ವರ್ಥರ ಬೈದಾಟವಾದರೋ 1621ರಲ್ಲಿ ಪುಸ್ತಕವಾಗಿ ಅಚ್ಚಾಯಿತು.