ಮುಕ್ಕಾಲು ಕಿಲೋ ಫೋಮ್, ಐದು ತಿಂಗಳ ವಾದ

2003ರ ಫೆಬ್ರವರಿ 5. ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಟೆಕ್ಸಾಸಿನ ಆಕಾಶದಲ್ಲಿ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಪ್ರಾಣ ಕಳೆದುಕೊಂಡು ನಾಲ್ಕೇ ದಿನವಾಗಿತ್ತು. ನಾಸಾದ ಷಟಲ್ ಕಾರ್ಯಕ್ರಮದ ಮುಖ್ಯಸ್ಥ ರಾನ್ ಡಿಟ್ಟೆಮೋರ್ ಪತ್ರಕರ್ತರ ಮುಂದೆ ಬಂದರು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿ ಎಡರೆಕ್ಕೆಗೆ ಬಡಿದ ಫೋಮ್ ತುಂಡೇ ದುರಂತದ ಮೂಲವೆಂದು ಒಪ್ಪುವುದು ಕಷ್ಟ, ಬೇರೇನೋ ಇರಬೇಕು ಎಂಬ ಅಭಿಪ್ರಾಯ ಹೇಳಿದರು. ಆ ಮಾತಿನಲ್ಲಿ ಮುಚ್ಚುಮರೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಅವರು ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದರು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ನಂಬಿಕೆಯೇ.

ನಂಬಿಕೆ ಹುಟ್ಟಿದ್ದು ಸಹಜ. ಆ ಫೋಮ್ ನಮ್ಮ ಥರ್ಮಾಕೋಲಿನ ಜಾತಿಯದು; ಉಗುರಿನಿಂದ ಒತ್ತಿದರೂ ಕುಳಿ ಬೀಳುತ್ತದೆ. ಕಳಚಿದ ತುಂಡು ಸಣ್ಣ ಸೂಟ್‌ಕೇಸಿನಷ್ಟು ದೊಡ್ಡದಾದರೂ ತೂಕ ಸುಮಾರು 760 ಗ್ರಾಂ ಮಾತ್ರ. ಎದುರಿಗಿದ್ದದ್ದು 1,600 ಡಿಗ್ರಿ ಸೆಲ್ಸಿಯಸ್ ತಾಪವನ್ನು ತಡೆಯಬಲ್ಲ ಇಂಗಾಲದ ಕವಚ. ಟ್ಯಾಂಕೂ ನೌಕೆಯೂ ಒಂದೇ ವೇಗದಲ್ಲಿ ಏರುತ್ತಿರುವಾಗ ಒಂದರಿಂದ ಉದುರಿದ್ದು ಇನ್ನೊಂದಕ್ಕೆ ಎಷ್ಟು ಜೋರಾಗಿ ತಾನೇ ಬಡಿದೀತು?

ಉತ್ತರ ಇರುವುದು ಫೋಮಿನ ಹಗುರತನದಲ್ಲೇ. ಉಡಾವಣೆಯಾಗಿ 82 ಸೆಕೆಂಡಿನ ಹೊತ್ತಿಗೆ ನೌಕೆಯ ವೇಗ ಗಂಟೆಗೆ ಸುಮಾರು 2,500 ಕಿಲೋಮೀಟರ್. ಕಳಚಿದೊಡನೆ ಎದುರುಗಾಳಿ ತುಂಡನ್ನು ತಡೆಯಿತು. ರೆಕ್ಕೆ ತಲುಪುವ 0.16 ಸೆಕೆಂಡಿನೊಳಗೆ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 880 ಕಿಲೋಮೀಟರಿನಷ್ಟು ಇಳಿಯಿತು. ನೌಕೆ ಮಾತ್ರ ಎಂಜಿನ್ನಿನ ಬಲದಲ್ಲಿ ಮುನ್ನುಗ್ಗುತ್ತಲೇ ಇತ್ತು. ಹಾಗಾಗಿ ಫೋಮ್ ರೆಕ್ಕೆಯ ಮೇಲೆ ಬಿತ್ತು ಎನ್ನುವುದಕ್ಕಿಂತ, ಹಿಂದೆ ಬಿದ್ದ ಫೋಮಿಗೆ ರೆಕ್ಕೆಯೇ ಹೋಗಿ ಗುದ್ದಿತು ಎನ್ನುವುದು ಸರಿ. ಅಷ್ಟೇ ಗಾತ್ರದ, ಆದರೆ ಭಾರವಾದ ವಸ್ತುವಾಗಿದ್ದರೆ ಗಾಳಿಗೆ ಅದರ ವೇಗ ಇಷ್ಟು ಕುಗ್ಗುತ್ತಿರಲಿಲ್ಲ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ ಡಿಕ್ಕಿಯದ್ದು ಸುಮಾರು 23,000 ಜೂಲ್.

ನೌಕೆ ಕಕ್ಷೆಯಲ್ಲಿದ್ದಾಗಲೇ ವಾದ ಶುರುವಾಗಿತ್ತು. ಕ್ರೇಟರ್ ಎಂಬ ಗಣಿತ ಮಾದರಿಯಿಂದ ಹಾನಿಯನ್ನು ಅಂದಾಜು ಮಾಡಿದರು. ನೌಕೆಯ ಮೈಗೆ ಹೊದಿಸಿದ ಶಾಖನಿರೋಧಕ ಟೈಲ್‌ಗಳ ದಪ್ಪವನ್ನೂ ಮೀರಿ ಗಾಯವಾಗಬಹುದು ಎಂಬ ಲೆಕ್ಕ ಬಂತು. ಮಾದರಿ ಯಾವಾಗಲೂ ಹೆಚ್ಚು ಹೇಳುತ್ತದೆ ಎಂಬ ಕಾರಣಕ್ಕೆ ಆ ಲೆಕ್ಕವನ್ನು ಬದಿಗಿಟ್ಟರು. ಆ ಮಾದರಿಯನ್ನು ಒರೆಗೆ ಹಚ್ಚಿದ್ದು ಪುಟ್ಟ ಚೂರುಗಳಿಂದ. ಈ ತುಂಡು ಅವಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಿದ್ದರೆ ಕಣ್ಣಾರೆ ನೋಡಿಬಿಡೋಣ, ರೆಕ್ಕೆಯ ಚಿತ್ರ ತೆಗೆಸಿ ಎಂದು ರಾಡ್ನಿ ರೋಚಾ ಮತ್ತಿತರ ಎಂಜಿನಿಯರುಗಳು ಕೇಳಿದರು. ಚಿತ್ರ ಬೇಕೇಬೇಕೆಂದು ಮೊದಲು ಸಾಧಿಸಿ ಎಂಬಂತಾಯಿತು ಅವರ ಪಾಡು. ಹಾನಿ ಕಾಣದೆ ಅದನ್ನು ಸಾಧಿಸುವುದು ಹೇಗೆ? ಬೇಡಿಕೆ ಅಲ್ಲಿಗೇ ನಿಂತಿತು. ಸುರಕ್ಷಿತ ಎಂದವರು ರುಜುವಾತು ಕೊಡಬೇಕಿತ್ತು. ಅದನ್ನು ಬಿಟ್ಟು, ಅನುಮಾನಪಟ್ಟವರಿಂದ ಅಪಾಯದ ರುಜುವಾತು ಕೇಳಿದ್ದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಹೆರಾಲ್ಡ್ ಗೆಹ್ಮನ್ ನೇತೃತ್ವದ ತನಿಖಾ ಮಂಡಳಿಯ ಮುಂದೆ ಹತ್ತಾರು ಊಹೆಗಳಿದ್ದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದ ಒಂದು ಫೋಟೋದಲ್ಲಿ ನೌಕೆಯ ಜಾಡಿಗೆ ನೇರಳೆ ಗೆರೆಯೊಂದು ತಾಗಿದಂತೆ ಕಂಡು, ಮಿಂಚು ಬಡಿಯಿತೇ ಎಂಬ ಚರ್ಚೆಯೂ ನಡೆಯಿತು. ಅದು ಕ್ಯಾಮೆರಾ ಅಲುಗಿದ್ದರ ಫಲ ಎಂದು ತೀರ್ಮಾನವಾಯಿತು. ಗಂಭೀರ ತಕರಾರು ಇದ್ದದ್ದು ನೌಕೆ ವಾತಾವರಣಕ್ಕೆ ಮರಳುವಾಗ ಬಿಸಿ ಅನಿಲ ಒಳನುಗ್ಗಿದ ಜಾಗದ ಬಗ್ಗೆ. ನೌಕೆಯಿಂದ ಭೂಮಿಗೆ ಬಂದ ಮಾಹಿತಿಯಲ್ಲಿ ಮೊದಲು ತಾಪ ಏರಿದ್ದು ಎಡ ಚಕ್ರದ ಗೂಡಿನಲ್ಲಿ. ಹಾಗಾಗಿ ಗೂಡಿನ ಬಾಗಿಲಿನ ಟೈಲ್‌ಗಳ ಮೇಲೇ ಹಲವರ ಅನುಮಾನ.

ಮಾರ್ಚ್ 19ರಂದು ಟೆಕ್ಸಾಸಿನ ಹೆಂಪ್‌ಹಿಲ್ ಬಳಿ ಒಂದು ಪೆಟ್ಟಿಗೆ ಸಿಕ್ಕಿತು. ಕೊಲಂಬಿಯಾ ಬಾಹ್ಯಾಕಾಶಕ್ಕೆ ಹಾರಿದ ಮೊದಲ ಷಟಲ್ ಆದ್ದರಿಂದ ಪ್ರಯೋಗಾರ್ಥ ಹಾರಾಟದ ಕಾಲದ ನೂರಾರು ಸಂವೇದಕಗಳು ಅದರಲ್ಲಿ ಉಳಿದಿದ್ದವು. ಅವುಗಳ ದಾಖಲೆಯೆಲ್ಲ ಈ ಪೆಟ್ಟಿಗೆಯ ಟೇಪಿನಲ್ಲಿತ್ತು. ಅಷ್ಟು ಎತ್ತರದಿಂದ ಬಿದ್ದರೂ ಟೇಪು ಓದಲು ಬಂತು. ರೆಕ್ಕೆಯ ಮುಂಅಂಚಿನ ಇಂಗಾಲದ ಕವಚದಲ್ಲಿ ಒಂಬತ್ತನೇ ಫಲಕದ ಹಿಂದಿದ್ದ ಸಂವೇದಕವೊಂದು, ಭೂಮಿಯಲ್ಲಿದ್ದವರಿಗೆ ಯಾವ ಸುಳಿವೂ ಸಿಗುವ ಮೊದಲೇ, ಅಸಹಜ ಒತ್ತಡವನ್ನು ದಾಖಲಿಸಿತ್ತು. ಚಕ್ರದ ಗೂಡು ಬಿಸಿಯಾದದ್ದು ಆಮೇಲೆ.

ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ಎಂಟನೇ ಫಲಕದ ಚೂರುಗಳು. ಅವುಗಳ ಒಳಮೈಗೆ ಕರಗಿದ ಲೋಹ ಮೆತ್ತಿಕೊಂಡಿತ್ತು. ಪದರಗಳನ್ನು ಎಕ್ಸ್-ರೇ ಮತ್ತು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಎಲ್ಲಕ್ಕಿಂತ ತಳದಲ್ಲಿ ಸಿಕ್ಕಿದ್ದು ಫಲಕದ ಬೆನ್ನಿಗಿದ್ದ ಶಾಖನಿರೋಧಕದ ವಸ್ತುಗಳು, ಅದರ ಮೇಲೆ ರೆಕ್ಕೆಯ ಅಲ್ಯೂಮಿನಿಯಂ. ಮೊದಲು ಕರಗಿದ್ದು ತಳದಲ್ಲಿ ಕೂತಿರುತ್ತದೆ. ಅಂದರೆ ಬೆಂಕಿ ಮೊದಲು ಫಲಕದ ಹಿಂದಿನ ಪೊಳ್ಳಿಗೆ ನುಗ್ಗಿ, ಅಲ್ಲಿಂದ ರೆಕ್ಕೆಯನ್ನು ಸುಟ್ಟಿತ್ತು.

ಇಷ್ಟಾದರೂ ಫೋಮ್ ಆ ಫಲಕವನ್ನು ಒಡೆಯಬಲ್ಲದೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಮಂಡಳಿಯ ಸದಸ್ಯ ಸ್ಕಾಟ್ ಹಬ್ಬರ್ಡ್ ಪ್ರಯೋಗ ಮಾಡಿಯೇ ನೋಡಬೇಕೆಂದು ನಿಂತರು. ಸ್ಯಾನ್ ಆಂಟೋನಿಯೋದ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ನೈಟ್ರೋಜನ್ ಒತ್ತಡದ ಫಿರಂಗಿಯಿಂದ ಫೋಮ್ ಹಾರಿಸಿದರು. ಜೂನ್‌ನಲ್ಲಿ ಆರನೇ ಫಲಕ ಬಿರುಕು ಬಿಟ್ಟಿತು. ಜುಲೈ 7ರಂದು ಅಟ್ಲಾಂಟಿಸ್ ನೌಕೆಯಿಂದ ಬಿಚ್ಚಿ ತಂದ ಎಂಟನೇ ಫಲಕಕ್ಕೆ ಗುರಿಯಿಟ್ಟಾಗ ಸುಮಾರು 40 ಸೆಂಟಿಮೀಟರ್ ಉದ್ದಗಲದ ತೂತು ಬಿತ್ತು. ನೋಡುತ್ತಿದ್ದವರು ಹೌಹಾರಿದರು. ಕೊಲಂಬಿಯಾಕ್ಕೆ ಬಿದ್ದ ತೂತು ಇದಕ್ಕಿಂತ ಚಿಕ್ಕದೆಂದು ಲೆಕ್ಕಗಳು ಹೇಳುತ್ತವೆ. ಪ್ರಯೋಗ ಅದರ ತದ್ರೂಪವೇನಲ್ಲ. ಫೋಮಿನಿಂದ ಇದು ಸಾಧ್ಯವೆಂದು ಫಿರಂಗಿ ತೋರಿಸಿತು, ಹಾಗೆಯೇ ನಡೆಯಿತೆಂದು ಟೇಪೂ ಲೋಹದ ಪದರಗಳೂ ತೋರಿಸಿದವು. ಎರಡೂ ಸೇರಿದ್ದರಿಂದಲೇ ಆಗಸ್ಟಿನ ವರದಿಯಲ್ಲಿ ಮಂಡಳಿ 'ಬಹುಶಃ' ಎನ್ನದೆ ಕಾರಣವನ್ನು ನೇರವಾಗಿ ಬರೆಯಲು ಸಾಧ್ಯವಾಯಿತು.

2005ರ ಜುಲೈ 26ರಂದು ಡಿಸ್ಕವರಿ ಹಾರುವಾಗ, ಕೊಲಂಬಿಯಾಕ್ಕೆ ಮುಳುವಾದ ಜಾಗದ ಫೋಮನ್ನು ಟ್ಯಾಂಕಿನಿಂದ ತೆಗೆದುಹಾಕಿದ್ದರು. ಈ ಸಲ ಬೇರೊಂದು ಕಡೆಯಿಂದ ಅರ್ಧ ಕಿಲೋಗೆ ಸಮೀಪದ ತುಂಡು ಕಳಚಿತು, ನೌಕೆಗೆ ತಾಗಲಿಲ್ಲ. ಹೊಸದಾಗಿ ಅಳವಡಿಸಿದ ಕ್ಯಾಮೆರಾಗಳಲ್ಲಿ ದೃಶ್ಯ ಸ್ಪಷ್ಟವಾಗಿ ದಾಖಲಾಗಿತ್ತು. ತಾಗಲಿಲ್ಲವಲ್ಲ ಎಂದು ಯಾರೂ ಸಮಾಧಾನಪಟ್ಟುಕೊಳ್ಳಲಿಲ್ಲ. ಮುಂದಿನ ಷಟಲ್ ಮೇಲೇರಿದ್ದು 2006ರ ಜುಲೈನಲ್ಲಿ, ಆ ಭಾಗದ ಫೋಮನ್ನೂ ತೆಗೆದ ಮೇಲೆ.