ಸೈಕ್ಲೋಡೆಕ್ಸ್‌ಟ್ರಿನ್ ಲೆಕ್ಕದಲ್ಲಿ ಆ (1 − ಸ್ಲೋಪ್) ಎಲ್ಲಿಂದ ಬಂತು?

ಗ್ಲೂಕೋಸ್‌ಗಳು ಬಳೆಯಂತೆ ಸುತ್ತಿಕೊಂಡರೆ ಸೈಕ್ಲೋಡೆಕ್ಸ್‌ಟ್ರಿನ್. 6 ಇದ್ದರೆ ಆಲ್ಫಾ, 7 ಬೀಟಾ, 8 ಗಾಮಾ. ಆಕಾರ ತಳವಿಲ್ಲದ ಲೋಟದ್ದು. ನೀರಿಗೆ ಒಗ್ಗುವ ಹೈಡ್ರಾಕ್ಸಿಲ್‌ಗಳು (ಆಕ್ಸಿಜನ್-ಹೈಡ್ರೋಜನ್ ಜೋಡಿಗಳು) ಎರಡೂ ಅಂಚಿನಲ್ಲಿವೆ, ಒಳಗೋಡೆ ನೀರಿಗೆ ಅಷ್ಟಾಗಿ ಒಗ್ಗಲ್ಲ. ನೀರಲ್ಲಿ ಕರಗದ ಕ್ಯಾನ್ಸರ್ ಔಷಧ ಆ ಲೋಟದೊಳಗೆ ಹೋಗಿ ಕೂರುತ್ತದೆ.

ಬೆಂಜೀನ್ ಉಂಗುರಕ್ಕೆ ಬೀಟಾ ಹೊಂದುತ್ತದೆ. ತಮಾಷೆ ಅಂದರೆ ಬೀಟಾವೇ ಸರಿಯಾಗಿ ಕರಗಲ್ಲ: 25 ಡಿಗ್ರಿಯಲ್ಲಿ ಮಿಲಿಲೀಟರಿಗೆ ಸುಮಾರು 18.5 ಮಿಲಿಗ್ರಾಂ. ಅದರ ಹೈಡ್ರಾಕ್ಸಿಲ್‌ಗಳು ತಮ್ಮತಮ್ಮಲ್ಲೇ ಬಂಧ ಕಟ್ಟಿಕೊಂಡು ನೀರನ್ನು ಮಾತಾಡಿಸುವುದಿಲ್ಲ. ಸಲ್ಫೋಬ್ಯೂಟೈಲ್ ಬಾಲ ಅಂಟಿಸಿದರೆ ಆ ಕೂಟ ಮುರಿಯುತ್ತದೆ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೆಲ್ಫಲಾನ್ ಎಂಬ ಕ್ಯಾನ್ಸರ್ ಔಷಧದ ಚುಚ್ಚುಮದ್ದಿನಲ್ಲಿರುವುದು ಈ ಬಾಲದ ಬೀಟಾವೇ.

ಈಗ ನಾನು ಎರಡು ದಿನ ಒದ್ದಾಡಿದ ಜಾಗ. ಔಷಧ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಹೇಳುವ ಸ್ಥಿರಾಂಕ ಕೆ. ಹಿಗುಚಿ ಮತ್ತು ಕಾನರ್ಸ್ 1965ರಲ್ಲಿ ವಿವರಿಸಿದ ದಾರಿ ಒಂದು ಗ್ರಾಫ್: ಅಡ್ಡ ಗೆರೆಯಲ್ಲಿ ನಾವು ಹಾಕಿದ ಸೈಕ್ಲೋಡೆಕ್ಸ್‌ಟ್ರಿನ್, ಮೇಲಿನ ಗೆರೆಯಲ್ಲಿ ಕರಗಿದ ಔಷಧ. ಒಂದು ಲೋಟಕ್ಕೆ ಒಂದು ಔಷಧದ ಅಣು ಜೋಡಿಯಾದರೆ ನೇರ ಗೆರೆ ಬರುತ್ತದೆ. ಲೋಟ ಒಂದು ಹೆಚ್ಚಿದರೆ ಕರಗುವ ಔಷಧ ಎಷ್ಟು ಏರುತ್ತದೆ ಅನ್ನುವುದೇ ಆ ಗೆರೆಯ ಸ್ಲೋಪ್. ಸೈಕ್ಲೋಡೆಕ್ಸ್‌ಟ್ರಿನ್ ಇಲ್ಲದೇ ಔಷಧ ತಾನೇ ಕರಗುವಷ್ಟು ಮೂಲ ಕರಗುವಿಕೆ.

ಕೆ = ಸ್ಲೋಪ್ ÷ [ಮೂಲ ಕರಗುವಿಕೆ × (1 − ಸ್ಲೋಪ್)]

ನಾನು ಸುಮ್ನೆ ಸ್ಲೋಪನ್ನು ಮೂಲ ಕರಗುವಿಕೆಯಿಂದ ಭಾಗಿಸಿಬಿಟ್ಟಿದ್ದೆ. ತಪ್ಪು ಎಲ್ಲಿ? ಆಟೋ ಸ್ಟ್ಯಾಂಡ್ ನೆನೆಸಿಕೊಳ್ಳಿ. ಸವಾರಿ ಕೂತ ಆಟೋಗೆ ಕೈ ಅಡ್ಡ ಹಾಕಿದರೆ ನಿಲ್ಲುತ್ತಾ? ಇಲ್ಲ ಅಲ್ವಾ. ಕೆಯ ವ್ಯಾಖ್ಯೆಯಲ್ಲಿ ಬರುವುದು ಖಾಲಿ ಲೋಟಗಳು ಮಾತ್ರ. ಗ್ರಾಫಿನ ಅಡ್ಡ ಗೆರೆಯಲ್ಲಿರುವುದೋ ನಾವು ಹಾಕಿದ ಒಟ್ಟು ಲೋಟ. 100 ಹಾಕಿ ಸ್ಲೋಪ್ 0.2 ಬಂದರೆ 20 ತುಂಬಿವೆ, ಖಾಲಿ 80. ಅಂದರೆ ಒಟ್ಟು × (1 − ಸ್ಲೋಪ್). ಅಷ್ಟೇ!

ಅಂಕಿ ಇಟ್ಟು ನೋಡಿ (ಲೆಕ್ಕಕ್ಕೆಂದು ನಾನೇ ಹಾಕಿಕೊಂಡದ್ದು). ಮೂಲ ಕರಗುವಿಕೆ 0.05 ಮಿಲಿಮೋಲಾರ್, ಅಂದರೆ 0.00005 ಮೋಲಾರ್ (ಲೀಟರಿಗೆ ಇಷ್ಟು ಮೋಲ್). ಸ್ಲೋಪ್ 0.2. ನನ್ನ ತಪ್ಪು ದಾರಿಯಲ್ಲಿ ಕೆ 4000, ಸರಿ ದಾರಿಯಲ್ಲಿ 5000. ಮಿಲಿಮೋಲಾರನ್ನೇ ಹಾಗೇ ಬಿಟ್ಟರೆ ಬರೀ 5 ಬರುತ್ತದೆ. ಅದೂ ನನಗೆ ಒಮ್ಮೆ ಬಂದಿತ್ತು, ಗಾಬರಿಯಾಗಿದ್ದೆ.

ಕೆ ದೊಡ್ಡದಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಔಷಧ ಇಳಿಯಲೂ ಬೇಕು. ಕೆ 5000 ಇರುವಾಗ ಖಾಲಿ ಲೋಟ 1 ಮಿಲಿಮೋಲಾರ್ ಇದ್ದರೆ ಔಷಧದ ಸುಮಾರು 83 ಶೇಕಡ ಒಳಗಿರುತ್ತದೆ. ರಕ್ತದಲ್ಲಿ ಬೆರೆತು ಖಾಲಿ ಲೋಟ 0.01 ಮಿಲಿಮೋಲಾರ್‌ಗೆ ಇಳಿದರೆ ಒಳಗೆ ಉಳಿಯುವುದು 5 ಶೇಕಡದಷ್ಟೇ.